ಕೇಕ್ ಕತ್ತರಿಸುವ ದೃಶ್ಯದ ಕೂಲಂಕಷ ವಿಶ್ಲೇಷಣೆ

ಬಸ್ ಡಿಪೋದಲ್ಲಿ ಕಳೆದುಹೋದ ಸಾಮಾನುಗಳ ವಿಭಾಗ ಎಂದು ಒಂದಿದೆ. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಊಟದ ಡಬ್ಬಿ, ಒಂಟಿ ಚಪ್ಪಲಿ, ಕನ್ನಡಕ, ಒಮ್ಮೆ ನಡೆಯುತ್ತಲೇ ಇದ್ದ ಒಂದು ಗೋಡೆ ಗಡಿಯಾರ, ಇವೆಲ್ಲ ಅಲ್ಲಿಗೆ ಬಂದು ಸೇರುತ್ತವೆ. ಹೆಚ್ಚಾಗಿ ಬರುವುದು ಮಾತ್ರ ಛತ್ರಿ. ಈ ವಿಭಾಗದ ಮುಖ್ಯಸ್ಥ, ಗುಮಾಸ್ತ, ಕಾವಲುಗಾರ ಎಲ್ಲ ಒಬ್ಬರೇ ಆಗಿದ್ದರಿಂದ ಆ ಒಬ್ಬರಿಗೆ ಛತ್ರಿ ಸಾಹೇಬರು ಎಂದು ಹೆಸರು ಬಿದ್ದಿತ್ತು. ಹೆಸರು ಕೇಳಿ ಯಾರೂ ತಪ್ಪು ತಿಳಿಯಬಾರದು. ಛತ್ರಿ ಬುದ್ಧಿ ಅವರಲ್ಲಿ ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಈ ಕಥೆಯೇ ನಡೆಯುತ್ತಿರಲಿಲ್ಲ.

ಒಂದು ದಿನ ಮೇಲಿನಿಂದ ಸುತ್ತೋಲೆ ಬಂತು. ನೌಕರರಲ್ಲಿ ಕಲಾಭಿರುಚಿ ಬೆಳೆಸುವುದಕ್ಕೆ ಮೂರು ದಿನದ ಚಲನಚಿತ್ರ ರಸಗ್ರಹಣ ಶಿಬಿರ. ಪ್ರತಿ ಡಿಪೋದಿಂದ ಒಬ್ಬರು ಕಡ್ಡಾಯವಾಗಿ ಹಾಜರಾಗಬೇಕು. ಡಿಪೋ ಮ್ಯಾನೇಜರು ಯೋಚನೆ ಮಾಡಿದರು. ಡ್ರೈವರು ಹೋದರೆ ಒಂದು ಬಸ್ಸು ನಿಲ್ಲುತ್ತದೆ, ಮೆಕ್ಯಾನಿಕ್ಕು ಹೋದರೆ ಎಲ್ಲ ಬಸ್ಸೂ ನಿಲ್ಲುತ್ತವೆ. ಛತ್ರಿ ಸಾಹೇಬರು ಹೋದರೆ ಏನು ನಿಲ್ಲುತ್ತದೆ ಎಂದು ಎಷ್ಟು ತಲೆ ಕೆರೆದುಕೊಂಡರೂ ಅವರಿಗೆ ಹೊಳೆಯಲಿಲ್ಲ.

“ನೀವೇ ಹೋಗಿ ಬನ್ರಿ. ಮೂರು ದಿನ ಪುಕ್ಕಟೆ ಸಿನಿಮಾ, ಮೇಲೆ ಊಟ ಬೇರೆ” ಎಂದರು.

ಸಿನಿಮಾ ಏನೋ ತೋರಿಸಿದರು. ಆದರೆ ಮೂರು ದಿನವೂ ಅದೇ ನಾಲ್ಕು ನಿಮಿಷ. ಒಬ್ಬಾಕೆ ಮೆಟ್ಟಿಲು ಹತ್ತುತ್ತಾಳೆ, ಬಾಗಿಲು ತಟ್ಟುತ್ತಾಳೆ, ಯಾರೂ ತೆಗೆಯುವುದಿಲ್ಲ. ಮುಗಿಯಿತು. ಪಾಠ ಹೇಳಲು ಬಂದಿದ್ದ ಮೇಡಂ ಮೊದಲ ದಿನ ಬರೀ ಕ್ಯಾಮೆರಾ ಎಲ್ಲಿದೆ ನೋಡಿ ಎಂದರು, ಎರಡನೇ ದಿನ ಬರೀ ಬೆಳಕು ನೋಡಿ ಎಂದರು. ಮೂರನೇ ದಿನ ಪರದೆಗೆ ಬಟ್ಟೆ ಮುಚ್ಚಿ, ಈಗ ಬರೀ ಶಬ್ದ ಕೇಳಿ ಎಂದರು. ಅವತ್ತಿನ ಊಟ ಸ್ವಲ್ಪ ಜೋರಾಗಿತ್ತು. ನೋಡುವುದಕ್ಕೂ ಏನೂ ಇರಲಿಲ್ಲವಾದ್ದರಿಂದ ಸಾಹೇಬರು ಶಬ್ದದ ಪಾಠವನ್ನು ಆದಿಯಿಂದ ಅಂತ್ಯದವರೆಗೆ ನಿದ್ದೆಯಲ್ಲಿ ಕಳೆದರು.

ಆದರೆ ಮೊದಲ ದಿನ ಒಂದು ಅನಾಹುತ ನಡೆದುಹೋಗಿತ್ತು. ಸಾಹೇಬರು ಕೈಯೆತ್ತಿ, “ಮೇಡಂ, ಅಷ್ಟು ಹೊತ್ತು ತಟ್ಟಿದ್ರೂ ಯಾಕೆ ಬಾಗಿಲು ತೆಗೀಲಿಲ್ಲ? ಒಳಗೆ ಯಾರೂ ಇರ್ಲಿಲ್ವಾ?” ಎಂದು ಕೇಳಿದ್ದರು. ಮೇಡಂ ಕನ್ನಡಕ ತೆಗೆದು ಅವರನ್ನೇ ನೋಡಿ, “ತುಂಬ ಒಳ್ಳೆ ಪ್ರಶ್ನೆ” ಎಂದುಬಿಟ್ಟರು. ಹುಟ್ಟಿದಾಗಿನಿಂದ ಸಾಹೇಬರಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಪಾಪ, ಮನುಷ್ಯನಿಗೆ ಅದು ನೆತ್ತಿಗೇರಿತು.

ಮನೆಗೆ ಬಂದವರೇ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಟಿವಿಯ ಮೇಲೆ ತೂಗುಹಾಕಿದರು. ಅವತ್ತಿನಿಂದ ಮನೆಯವರ ಗ್ರಹಚಾರ ಕೆಟ್ಟಿತು. ಅವರ ತಾಯಿ ಸಂಜೆ ಧಾರಾವಾಹಿ ಹಚ್ಚಿಕೊಂಡು ಕೂತರೆ ಪಕ್ಕದಲ್ಲಿ ಇವರು.

“ಅಮ್ಮ, ಆ ಸೊಸೆ ಮುಖ ನೋಡು. ಅರ್ಧ ಬೆಳಕು, ಅರ್ಧ ನೆರಳು. ಅಂದ್ರೆ ಇವಳ ಮನಸ್ಸಲ್ಲಿ ಏನೋ ಇದೆ. ಇವಳು ಹಾಲಿಗೆ ವಿಷ ಹಾಕ್ತಾಳೆ.”

“ವಿಷ ನಿನ್ನೆನೇ ಹಾಕಿ ಆಯ್ತು. ಇವತ್ತು ಪೊಲೀಸ್ ಬಂದಿದಾರೆ. ಸುಮ್ನಿರೋ ಸ್ವಲ್ಪ.”

ಹೆಂಡತಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುವವಳು. ಮನೆಯ ಮುಂದಿನ ಕೋಣೆಯಲ್ಲಿ ಅವಳ ಮಿಷನ್ನು, ಸುತ್ತ ನೀಲಿ ಬಟ್ಟೆಯ ರಾಶಿ. ಸಾಹೇಬರು ಎರಡು ಕೈಯ ಬೆರಳುಗಳನ್ನು ಚೌಕಟ್ಟಿನ ಹಾಗೆ ಹಿಡಿದು ಅವಳನ್ನು ಅದರೊಳಗೆ ಕೂರಿಸಿ, “ನೀನು ಕಿಟಕಿಗೆ ಬೆನ್ನು ಹಾಕಿ ಕೂತ್ರೆ ನಿನ್ನ ಪಾತ್ರಕ್ಕೆ ಒಂದು ನಿಗೂಢತೆ ಬರುತ್ತೆ” ಎಂದರು.

“ಕಿಟಕಿಗೆ ಬೆನ್ನು ಹಾಕಿದ್ರೆ ಸೂಜಿಗೆ ನನ್ನ ಬೆರಳು ಬರುತ್ತೆ. ಅಡ್ಡ ನಿಲ್ಬೇಡಿ ರೀ, ಆಚೆ ಹೋಗಿ.”

ಹೀಗೆ ನಗುನಗುತ್ತಲೇ ನಡೆದಿರುತ್ತಿತ್ತು. ಅಷ್ಟರಲ್ಲಿ ಗುರುವಾರ ಬಂತು.

ಗುರುವಾರ ಬೆಳಿಗ್ಗೆ ನೂಲು ತರಲು ಹೋಗಿದ್ದ ಹೆಂಡತಿ ಬರಿಗೈಯಲ್ಲಿ ವಾಪಸ್ಸು ಬಂದು ಮಿಷನ್ನಿನ ಮುಂದೆ ಕೂತಳು. ಒಂದು ಚಡ್ಡಿಯ ಎರಡು ಕಾಲನ್ನೂ ಸೇರಿಸಿ ಹೊಲಿದಳು. ಬಿಚ್ಚಿದಳು. ಮತ್ತೆ ಹಾಗೆಯೇ ಹೊಲಿದಳು. ಅತ್ತೆ ನೋಡಿ, “ಏನಾಯ್ತೇ?” ಎಂದರು.

“ಏನಿಲ್ಲ ಅತ್ತೆ. ಅವನು ಊರು ಬಿಡ್ತಿದಾನಂತೆ. ಭಾನುವಾರ ಲಾರಿ ಬರುತ್ತಂತೆ. ಅಂಗಡಿ ಎಲ್ಲ ಕಟ್ಟಿ ಆಗಿದೆಯಂತೆ” ಎಂದಳು. ಆಮೇಲೆ, “ಹೋಗ್ಲಿ ಬಿಡಿ, ನಂಗೇನು” ಎಂದು ಮೂರನೇ ಸಲ ಅದೇ ಚಡ್ಡಿಯನ್ನು ಕೈಗೆತ್ತಿಕೊಂಡಳು.

ಅವನು ಎಂದರೆ ಅವಳ ತಮ್ಮ. ಹಳೇ ಮಾರ್ಕೆಟ್ಟಿನ ಹಿಂದೆ ಬೀಗ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಅಕ್ಕ ಎತ್ತಿ ಆಡಿಸಿದ ತಮ್ಮ. ತಾಯಿ ಇಲ್ಲದ ಮನೆಯಲ್ಲಿ ಅವನಿಗೆ ಅವಳೇ ತಾಯಿ. ಇಬ್ಬರ ನಡುವೆ ಹನ್ನೊಂದು ವರ್ಷದಿಂದ ಮಾತಿಲ್ಲ. ಒಂದೇ ಊರು, ಇಪ್ಪತ್ತು ನಿಮಿಷದ ದಾರಿ. ಈ ಹನ್ನೊಂದು ವರ್ಷದಲ್ಲಿ ಅವಳು ಮನೆಯ ಬೀಗದ ಕೈ ಎರಡು ಸಲ ಕಳೆದುಕೊಂಡಿದ್ದಳು. ಎರಡು ಸಲವೂ ಬೀಗ ಒಡೆಸಿದಳೇ ಹೊರತು ಬೇರೆ ಯಾರ ಹತ್ತಿರವೂ ಕೀ ಮಾಡಿಸಲು ಒಪ್ಪಲಿಲ್ಲ.

ಜಗಳ ಹುಟ್ಟಿದ್ದು ಇವರ ಮದುವೆಯ ಹತ್ತನೇ ವರ್ಷದ ಸಮಾರಂಭದಲ್ಲಿ. ಕೇಕ್ ಕತ್ತರಿಸುವ ಹೊತ್ತು. ಎಲ್ಲರೂ ನಗುತ್ತಾ ನಿಂತಿದ್ದಾರೆ. ತಮ್ಮ ಇದ್ದಕ್ಕಿದ್ದಂತೆ ಮುಖ ಸಿಂಡರಿಸಿಕೊಂಡು, ಒಂದು ಮಾತೂ ಆಡದೆ, ಊಟವನ್ನೂ ಮಾಡದೆ ಹೊರಟೇಹೋದ. ಮರುದಿನ ಅಕ್ಕ ಫೋನು ಮಾಡಿ, “ತಪ್ಪಾಯ್ತು ಅಂತ ಹೇಳ್ಕೊಂಡು ಬಾ” ಎಂದಳು. “ತಪ್ಪು ಯಾರದು ಅಂತ ವಿಡಿಯೋ ನೋಡ್ಕೋ” ಎಂದು ತಮ್ಮ ಫೋನು ಇಟ್ಟ. ಡಿಸ್ಕು ಕೈಗೆ ಬಂದ ಮೇಲೆ ಅಕ್ಕ ವಿಡಿಯೋ ನೋಡಿದಳು. ನೋಡಿದ ಮೇಲೆ ಅವಳ ಸಿಟ್ಟು ಹತ್ತು ಪಟ್ಟಾಯಿತು. ಆಮೇಲೆ ಇಬ್ಬರೂ ಫೋನು ಮಾಡಲಿಲ್ಲ.

ಸಾಹೇಬರು ಹೆಂಡತಿ ಹೊಲಿದಿದ್ದ ಆ ಚಡ್ಡಿಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಭಾನುವಾರ ಲಾರಿ ಹೊರಟರೆ ಮುಗಿಯಿತು, ಇನ್ನು ಈ ಜನ್ಮದಲ್ಲಿ ಇವರಿಬ್ಬರೂ ಸೇರುವುದಿಲ್ಲ ಎಂದು ಅವರಿಗೆ ಖಾತ್ರಿಯಾಯಿತು. ಏನಾದರೂ ಮಾಡಲೇಬೇಕು. ಬೇರೆಯವರಾಗಿದ್ದರೆ ಸೀದಾ ಬೀಗದ ಅಂಗಡಿಗೆ ಹೋಗಿ ಭಾವಮೈದನ ಕೈ ಹಿಡಿದುಕೊಳ್ಳುತ್ತಿದ್ದರು. ಸಾಹೇಬರು ಪ್ರಮಾಣಪತ್ರದ ಕಡೆ ನೋಡಿದರು.

ಸಂಜೆ ಎದುರುಮನೆಯ ನಿವೃತ್ತ ಶಿರಸ್ತೇದಾರರನ್ನು ಕರೆಸಲಾಯಿತು. ಕೋರ್ಟಿನಲ್ಲಿ ಮೂವತ್ತೈದು ವರ್ಷ ಕಡತ ಕಟ್ಟಿದವರು. ಸಾಕ್ಷಿ ಪುರಾವೆ ಎಂದರೆ ಕಾಫಿ ಬಿಟ್ಟು ಎದ್ದು ಬರುವವರು. ತಾಯಿ ಕುರ್ಚಿಯಲ್ಲಿ ಕೂತರು. ಹೆಂಡತಿ ಮಾತ್ರ, “ನಾನು ನೋಡಲ್ಲ” ಎಂದು ಅಡುಗೆಮನೆಗೆ ಹೋಗಿ ಬಾಗಿಲ ಸಂದಿಯಲ್ಲಿ ನಿಂತಳು. ಸಾಹೇಬರು ಹಳೆಯ ಡಿಸ್ಕನ್ನು ಅಂಗಿಯಲ್ಲಿ ಒರೆಸಿ ಹಾಕಿದರು.

ಪಿಟೀಲಿನ ಸಂಗೀತ ಶುರುವಾಯಿತು. ಕೇಕು, ಮೇಣದಬತ್ತಿ, ಹೆಂಡತಿ, ತಾಯಿ. ಎಡಗಡೆ ಮೂಲೆಯಲ್ಲಿ ತಮ್ಮ ಬರುತ್ತಾನೆ. ನಗುತ್ತಿರುವ ಮುಖ ನಿಧಾನವಾಗಿ ಗಂಟಾಗುತ್ತದೆ. ಪಿಟೀಲು ಜೋರಾಗುತ್ತದೆ. ಅವನು ತಿರುಗಿ, ಮಹಾರಾಜರು ಸಭೆ ಬಿಟ್ಟು ಹೋಗುವ ಹಾಗೆ ನಿಧಾನವಾಗಿ, ಅತಿ ನಿಧಾನವಾಗಿ ಹೊರಗೆ ನಡೆಯುತ್ತಾನೆ.

“ನಿಲ್ಸಿ!” ಎಂದು ಸಾಹೇಬರು ಟಿವಿಯ ಮುಂದೆ ನಿಂತು ಅಳತೆ ಪಟ್ಟಿಯಿಂದ ತೋರಿಸಿದರು. “ಇಲ್ಲಿ ಕ್ಯಾಮೆರಾ ಅವನ ಮುಖದ ಹತ್ತಿರ ಹೋಗಿದೆ. ನಿರ್ದೇಶಕ ಒಂದು ಮುಖದ ಹತ್ತಿರ ಹೋದ ಅಂದ್ರೆ ಅದರಲ್ಲಿ ಏನೋ ಇದೆ ಅಂತಲೇ ಅರ್ಥ.”

“ನಿರ್ದೇಶಕರು ಯಾರು ಸ್ವಾಮಿ?” ಎಂದರು ಶಿರಸ್ತೇದಾರರು.

“ನಾನೇ. ಕ್ಯಾಮೆರಾ ಸ್ಟುಡಿಯೋದವನದು, ಹಿಡಿದಿದ್ದು ನಾನು.”

“ಹಾಗಾದ್ರೆ ಯಾಕೆ ಹತ್ತಿರ ಹೋದ್ರಿ?”

“ಅದು ನಂಗೆ ನೆನಪಿಲ್ಲ. ಕೃತಿ ಮುಗಿದ ಮೇಲೆ ನಿರ್ದೇಶಕನನ್ನ ಏನೂ ಕೇಳ್ಬಾರದು ಅಂತ ಮೇಡಂ ಹೇಳಿದಾರೆ. ಈಗ ಬೆಳಕು ನೋಡಿ. ಅವನ ಮುಖದ ಒಂದು ಭಾಗ ಪೂರ್ತಿ ಕತ್ತಲು. ಇಬ್ಬಗೆಯ ಮನಸ್ಸಿನ ಲಕ್ಷಣ.”

“ಆ ಕಡೆ ಬಲ್ಬು ಹೋಗಿತ್ತು ಕಣೋ” ಎಂದರು ತಾಯಿ. “ಹದಿನೈದು ದಿವ್ಸದಿಂದ ಹಾಕ್ಸೋ ಹಾಕ್ಸೋ ಅಂತ ಬಡ್ಕೊಂಡೆ. ನೀನು ಹಾಕ್ಸಲೇ ಇಲ್ಲ.”

ಶಿರಸ್ತೇದಾರರು ಪರದೆಯ ಹತ್ತಿರ ಬಗ್ಗಿದರು. “ಒಂದು ವಿಷ್ಯ. ಈ ಹುಡುಗ ಅಕ್ಕನ ಕಡೆ ನೋಡ್ತಾ ಇಲ್ಲ. ಕೇಕಿನ ಕಡೆನೂ ನೋಡ್ತಾ ಇಲ್ಲ. ನೇರ ಕ್ಯಾಮೆರಾನೇ ನೋಡ್ತಿದಾನೆ. ಕ್ಯಾಮೆರಾದ ಹಿಂದೆ ಯಾರಿದ್ರು?”

“ಕ್ಯಾಮೆರಾದ ಹಿಂದೆ ಯಾರೂ ಇರಲ್ಲ ಶಿರಸ್ತೇದಾರ್ರೇ” ಎಂದು ಸಾಹೇಬರು ಕನಿಕರದಿಂದ ನಕ್ಕರು. “ಅದು ಪ್ರೇಕ್ಷಕನ ಕಣ್ಣು.”

ಇಷ್ಟಾದ ಮೇಲೆ ಅವರು ಡಿಪೋದ ನಮೂನೆಯೊಂದನ್ನು ತೆಗೆದು ತೀರ್ಮಾನ ಬರೆದರು. ಅವರಿಗೆ ಬೇರೆ ರೀತಿಯಲ್ಲಿ ಬರೆದು ಅಭ್ಯಾಸವಿರಲಿಲ್ಲ. ಸಿಕ್ಕಿದ ವಸ್ತು: ತಪ್ಪು. ಸಿಕ್ಕಿದ ಸ್ಥಳ: ಕೇಕಿನ ಮೇಜಿನ ಎಡಗಡೆ. ವಾರಸುದಾರರು: ಭಾವಮೈದ. ಬರೆದು ಅಡುಗೆಮನೆಯ ಬಾಗಿಲಿಗೆ ಹೋಗಿ ಹೆಂಡತಿಯ ಕೈಗೆ ಕೊಟ್ಟರು.

ಅವಳು ಓದಿದಳು. “ಇದು ನಂಗೆ ಹನ್ನೊಂದು ವರ್ಷದಿಂದ ಗೊತ್ತಲ್ಲ ರೀ. ಇದಕ್ಕೆ ಶಿಬಿರಕ್ಕೆ ಹೋಗ್ಬೇಕಿತ್ತಾ?” ಎಂದಳು. ಕಣ್ಣು ತುಂಬಿಕೊಂಡಿತ್ತು. ಆಗ ಸಾಹೇಬರಿಗೆ ತಾನು ಸೇರಿಸಲು ಹೊರಟು ಇನ್ನಷ್ಟು ದೂರ ಮಾಡಿದೆ ಎಂಬುದು ಅರ್ಥವಾಯಿತು. ಅರ್ಥವಾದ ಮೇಲಾದರೂ ಸುಮ್ಮನಿರಬಹುದಿತ್ತು.

ಶುಕ್ರವಾರ ಸಂಜೆ ಮರುವಿಚಾರಣೆ. ಈ ಸಲ ಅವರ ಹಟ ಒಂದೇ: ಹೇಗಾದರೂ ಮಾಡಿ ಭಾವಮೈದನನ್ನು ನಿರಪರಾಧಿ ಮಾಡಬೇಕು. ಆದರೆ ಅವನು ನಿರಪರಾಧಿಯಾದರೆ ಇನ್ನೊಬ್ಬ ಅಪರಾಧಿ ಬೇಕಲ್ಲ? ಸಾಹೇಬರು ದೃಶ್ಯವನ್ನು ಹಿಂದೆ ಮುಂದೆ ಎಳೆದು, ನಿಲ್ಲಿಸಿ, ಪರದೆಯ ಬಲಗಡೆ ಮೂಲೆಗೆ ಪಟ್ಟಿ ಇಟ್ಟರು. ಅಲ್ಲಿ ಒಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು.

“ಒಬ್ಬ ನಗ್ತಾನೆ, ಮರುಕ್ಷಣ ಇನ್ನೊಬ್ಬನ ಮುಖ ಬಾಡುತ್ತೆ. ಎರಡನ್ನೂ ಅಕ್ಕಪಕ್ಕ ಇಟ್ರೆ ಮೂರನೇ ಅರ್ಥ ಹುಟ್ಟುತ್ತೆ ಅಂತ ಮೇಡಂ ಹೇಳಿದಾರೆ. ಇವರು ನನ್ನ ಭಾವಮೈದನ್ನ ನೋಡಿ ಗೇಲಿ ಮಾಡಿ ನಕ್ಕಿದಾರೆ. ಅದಕ್ಕೇ ಅವನು ಹೋಗಿದ್ದು. ಯಾರು ಇವರು?”

ಶಿರಸ್ತೇದಾರರು ಕುರ್ಚಿ ಮುಂದಕ್ಕೆ ಎಳೆದುಕೊಂಡು ನೋಡಿದರು.

“ನಾನು” ಎಂದರು ಶಿರಸ್ತೇದಾರರು.

ಸಾಹೇಬರು ಪರದೆ ನೋಡಿದರು, ಶಿರಸ್ತೇದಾರರನ್ನು ನೋಡಿದರು. ಹನ್ನೊಂದು ವರ್ಷದಲ್ಲಿ ಕೂದಲು ಅಷ್ಟೊಂದು ಹೋಗಿರುತ್ತದೆ ಎಂದು ಯಾರಿಗೆ ಗೊತ್ತು?

“ನಗ್ತಿದ್ದೆನಾ ನಾನು?” ಶಿರಸ್ತೇದಾರರು ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. “ಅವತ್ತು ಬೆಳಿಗ್ಗೆ ಕಟ್ಟಿಸ್ಕೊಂಡಿದ್ದು ಸ್ವಾಮಿ, ಹೊಸ ಹಲ್ಲಿನ ಸೆಟ್ಟು! ಬಾಯಿ ಬಿಟ್ರೆ ಕೇಕಿನ ಮೇಲೆ ಬೀಳ್ತಿತ್ತು. ನಿಮ್ಮ ಸಮಾರಂಭ ಕೆಡಬಾರದು ಅಂತ ಎರಡು ಗಂಟೆ ಬಾಯಿ ಹಿಡ್ಕೊಂಡು ನಿಂತಿದ್ದೆ. ಊಟ ಮಾಡ್ಲಿಲ್ಲ ನಾನೂ! ಮೂವತ್ತೈದು ವರ್ಷ ಕೋರ್ಟಲ್ಲಿದ್ದೆ, ಒಬ್ಬರೂ ನನ್ನ ಮೇಲೆ ಬೆರಳು ತೋರ್ಸಿರ್ಲಿಲ್ಲ. ನೀವು ಅಳತೆ ಪಟ್ಟಿ ತೋರ್ಸಿದ್ರಿ.”

ಅವರು ಎದ್ದು ಹೋದರು. ಬಾಗಿಲು ದಾಟುವಾಗ ಚಪ್ಪಲಿ ಹಾಕಿಕೊಳ್ಳಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಹೋದರು.

“ಒಬ್ಬರ ಹತ್ರ ಮಾತು ಬಿಟ್ಟಿತ್ತು, ಈಗ ಇಬ್ಬರಾದ್ರು” ಎಂದರು ತಾಯಿ. “ನಾಳೆ ಯಾರ ಸರದಿನೋ? ನಾನೂ ಅದ್ರಲ್ಲಿ ಇದೀನಿ, ನೋಡ್ಕೋ.”

ಶನಿವಾರ ಡಿಪೋಗೆ ಹೋದ ಸಾಹೇಬರು ಮ್ಯಾನೇಜರ ಮುಂದೆ ನಿಂತು ರಜೆ ಕೇಳಿದರು. ಕಾರಣ ಎಂದಾಗ ತಡೆಯಲಾರದೆ ಎಲ್ಲವನ್ನೂ ಹೇಳಿದರು: ಕ್ಯಾಮೆರಾ, ಬೆಳಕು, ಹಲ್ಲಿನ ಸೆಟ್ಟು, ನಾಳೆ ಬರುವ ಲಾರಿ, ಎರಡು ಕಾಲು ಸೇರಿ ಹೊಲಿದ ಚಡ್ಡಿ. ಮ್ಯಾನೇಜರಿಗೆ ಸಿನಿಮಾ ಗೊತ್ತಿರಲಿಲ್ಲ. ಆದರೆ ಅವರು ಇಪ್ಪತ್ತು ವರ್ಷದಿಂದ ಬಸ್ಸು ಅಪಘಾತಗಳ ವಿಚಾರಣೆ ಮಾಡಿದವರು.

“ಅದೆಲ್ಲ ಸರಿ ರೀ. ಯಾರು ಏನಂದ್ರು?”

“ಏನೂ ಅನ್ಲಿಲ್ಲ ಸಾರ್. ಬರೀ ಪಿಟೀಲಿದೆ.”

“ಮನೆ ತುಂಬ ಜನ, ಕೇಕು, ಮಕ್ಳು. ಯಾರೂ ಏನೂ ಅನ್ಲಿಲ್ಲ, ಪಿಟೀಲು ಮಾತ್ರ ಇತ್ತು ಅಂತೀರಾ? ಯಾರ್ರೀ ಬಾರಿಸ್ತಿದ್ರು?” ಮ್ಯಾನೇಜರು ಪೆನ್ನು ಕೆಳಗಿಟ್ಟರು. “ಎಂಥಾ ಆಕ್ಸಿಡೆಂಟ್ ಕೇಸೇ ಬರ್ಲಿ, ನಾನು ಮೊದ್ಲು ಕೇಳೋದು ಒಂದೇ. ಹಾರ್ನ್ ಹೊಡೆದನಾ, ಯಾರಾದ್ರೂ ಕೂಗಿದ್ರಾ? ನೋಡಿದವರು ನೂರು ಥರ ಹೇಳ್ತಾರೆ. ಶಿಬಿರದಲ್ಲಿ ಶಬ್ದದ ಪಾಠ ಮಾಡ್ಲಿಲ್ವಾ?”

“ಮಾಡಿದ್ರು ಸಾರ್” ಎಂದು ಸಾಹೇಬರು ನೆಲ ನೋಡಿದರು.

ಸ್ಟುಡಿಯೋದವನ ಅಂಗಡಿ ಈಗ ಕುಗ್ಗಿ ಕುಗ್ಗಿ ಫೋಟೋ ಕಾಪಿ ಅಂಗಡಿಯ ಹಿಂದೆ ಒಂದು ಗೂಡಾಗಿತ್ತು. ಆದರೆ ಅವನು ತಾನು ತೆಗೆದ, ಕತ್ತರಿಸಿದ ಒಂದು ಕ್ಯಾಸೆಟ್ಟನ್ನೂ ಎಸೆದವನಲ್ಲ. ಎಲ್ಲವೂ ಬಿಸ್ಕತ್ತಿನ ಡಬ್ಬಿಗಳಲ್ಲಿ, ಮೇಲೆ ಚೀಟಿ ಅಂಟಿಸಿ. ಸಾಹೇಬರನ್ನು ನೋಡಿ ಅವನ ಮುಖ ಅರಳಿತು.

“ನಿಮ್ಮ ಕೇಕಿನ ವಿಡಿಯೋ ಮರೆಯೋದುಂಟಾ ಸಾರ್? ಅದು ನನ್ನ ಬೆಸ್ಟ್ ಎಡಿಟಿಂಗು. ನೀವೇ ಹೇಳಿದ್ರಲ್ಲ, ‘ಜನರ ಗಲಾಟೆ ಒಂದೂ ಕೇಳಿಸ್ಬಾರದು, ಸಿನಿಮಾ ಥರ ಇರ್ಬೇಕು’ ಅಂತ. ಪೂರ್ತಿ ಮಾತು ತೆಗೆದು ಪಿಟೀಲು ಹಾಕ್ದೆ. ಆ ಬೀಗದವರು ಹೊರಗೆ ಹೋಗೋದು ಮಾತ್ರ ಪಟ್ ಅಂತ ಮುಗಿದುಹೋಗ್ತಿತ್ತು. ಪಿಟೀಲಿನ್ನೂ ಬಾಕಿ ಇತ್ತು. ಅದಕ್ಕೆ ನಿಧಾನ ಮಾಡ್ದೆ. ಎಷ್ಟು ಗಾಂಭೀರ್ಯ ಬಂತು ನೋಡಿ!”

ಸಾಹೇಬರು ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತರು. ಹಾಗಾದರೆ ಅವನು ಮಹಾರಾಜನ ಹಾಗೆ ನಡೆದಿರಲೇ ಇಲ್ಲ.

“ಮೂಲ ಇದೆಯಾ?” ಎಂದರು.

ಡಬ್ಬಿ ಹುಡುಕಿ, ಧೂಳು ಊದಿ, ಹಳೆಯ ಯಂತ್ರಕ್ಕೆ ಕ್ಯಾಸೆಟ್ಟು ಹಾಕಿ ಸ್ಟುಡಿಯೋದವನು ಗುಂಡಿ ಒತ್ತಿದ. ಪಿಟೀಲಿಲ್ಲ. ಮಕ್ಕಳ ಕಿರುಚಾಟ, ತಟ್ಟೆಯ ಸದ್ದು, ಯಾರೋ ಕೆಮ್ಮಿದ್ದು. ಎಡಗಡೆ ಮೂಲೆಯಲ್ಲಿ ಭಾವಮೈದ ಬಂದ. ಡಿಸ್ಕಿನಲ್ಲಿ ಕತ್ತರಿಸಿ ಹಾಕಿದ್ದ ಭಾಗ ಈಗ ಕಾಣಿಸಿತು: ಅವನ ಎರಡು ಕೈಯಲ್ಲೂ ಒಂದೊಂದು ಕುರ್ಚಿ. ಅಂಗಡಿಯ ಎಣ್ಣೆ ಕಲೆಯ ಅಂಗಿ, ಬೆವರು. ಬಂದವರಿಗೆ ಕೂರಲು ಜಾಗ ಸಾಲದೆಂದು ಬೆಳಗಿನಿಂದ ಕುರ್ಚಿ ಹೊತ್ತು ತರುತ್ತಿದ್ದವನು ಅವನೇ. ಕುರ್ಚಿ ಇಳಿಸಿ, ಮುಖ ಒರೆಸಿಕೊಂಡು, ನಗುತ್ತಾ ಅಕ್ಕನ ಪಕ್ಕ ಬಂದು ನಿಂತ.

ಆಗ ಒಂದು ದನಿ ಕೇಳಿಸಿತು. ಕ್ಯಾಮೆರಾಕ್ಕೆ ಅಂಟಿಕೊಂಡಂತೆ, ಎಲ್ಲ ದನಿಗಿಂತ ಹತ್ತಿರದಲ್ಲಿ.

“ಏಯ್, ಯಾರಪ್ಪ ಅದು, ಕುರ್ಚಿ ಬಾಡಿಗೆಯವನು! ಕುರ್ಚಿ ಇಟ್ಟಾಯ್ತಲ್ಲ, ಆಚೆ ಹೋಗು. ನಿಂಗೇ ಹೇಳಿದ್ದು. ಮನೆಯವರು ಮಾತ್ರ ನಿಲ್ಲಿ!”

ಅದೇ ಕ್ಷಣಕ್ಕೆ ಹೆಂಡತಿ ಗಹಗಹಿಸಿ ನಕ್ಕಳು. ಭಾವಮೈದ ಕ್ಯಾಮೆರಾ ನೋಡಿದ, ಅಕ್ಕನ ನಗು ನೋಡಿದ, ಮತ್ತೆ ಕ್ಯಾಮೆರಾ ನೋಡಿದ. ತಿರುಗಿ ಓಡುವ ಹಾಗೆ ಹೊರಟುಹೋದ. ಎರಡೇ ಸೆಕೆಂಡು.

ಸ್ಟುಡಿಯೋದವನು ಯಂತ್ರ ನಿಲ್ಲಿಸಿದ. “ಆ ಕ್ಯಾಮೆರಾದ ಕಿಂಡಿ ಬೆಂಕಿಪೊಟ್ಟಣದಷ್ಟೇ ಸಾರ್. ಅದೂ ಕಪ್ಪು ಬಿಳುಪು. ಯಾರಿಗೂ ಗುರುತು ಸಿಗಲ್ಲ” ಎಂದ.

“ನನ್ನ ದನಿ ಇಷ್ಟು ಜೋರಿದೆಯಾ?” ಎಂದರು ಸಾಹೇಬರು. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತರು. ಸ್ಟುಡಿಯೋದವನು ಒಂದು ಲೋಟ ನೀರು ತಂದಿಟ್ಟು, ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತ.

ಮನೆಗೆ ಹೋಗುವ ಮುಂಚೆ ಅವರು ಎದುರುಮನೆಯ ಬಾಗಿಲು ತಟ್ಟಿದರು. ಶಿರಸ್ತೇದಾರರು ಬಾಗಿಲು ತೆಗೆದರು, ಮುಖ ಮಾತ್ರ ಬಿಗಿದುಕೊಂಡಿದ್ದರು.

“ಕ್ಯಾಮೆರಾದ ಹಿಂದೆ ಒಬ್ಬ ಇದ್ದ ಶಿರಸ್ತೇದಾರ್ರೇ” ಎಂದು ಸಾಹೇಬರು ಕೈ ಮುಗಿದರು. “ನೀವು ಮೊದಲನೇ ದಿನಾನೇ ಕೇಳಿದ್ರಿ. ನಂಗೇ ತಲೆಗೆ ಹೋಗ್ಲಿಲ್ಲ. ತಪ್ಪಾಯ್ತು.”

ಶಿರಸ್ತೇದಾರರು ಅವರ ಮುಗಿದ ಕೈಯನ್ನು ಹಿಡಿದು ಕೆಳಗಿಳಿಸಿದರು. “ಹೆಂಡತಿಗೆ ಹೇಳಿದ್ರಾ?”

“ಇಲ್ಲ.”

“ಹಾಗಾದ್ರೆ ಇಲ್ಲಿ ಯಾಕೆ ನಿಂತಿದೀರಿ? ಹೋಗಿ ಮೊದ್ಲು!”

ಹೆಂಡತಿ ಮಿಷನ್ನಿನ ಮುಂದೆ ಇದ್ದಳು. ಸಾಹೇಬರು ಮಾತಾಡಲು ಬಾಯಿ ತೆರೆದರು, “ಶಬ್ದ ಅನ್ನೋದು ದೃಶ್ಯಕ್ಕೆ...” ಎಂದರು, ಮುಂದೆ ಬರಲಿಲ್ಲ. ಹೊಸ ನಮೂನೆಯೊಂದನ್ನು ಜೇಬಿನಿಂದ ತೆಗೆದು ಅವಳ ಕೈಗಿತ್ತರು. ಅದರಲ್ಲಿ ಬರೆದಿತ್ತು: ಸಿಕ್ಕಿದ ವಸ್ತು: ತಪ್ಪು. ಸಿಕ್ಕಿದ ಸ್ಥಳ: ಸ್ಟುಡಿಯೋದ ಬಿಸ್ಕತ್ತಿನ ಡಬ್ಬಿ. ವಾರಸುದಾರರು: ನಾನು.

“ಇದೇನ್ರೀ?” ಎಂದಳು ಅವಳು. ಸ್ಟುಡಿಯೋದವನು ಅವರ ಮೊಬೈಲಿಗೆ ಹಾಕಿಕೊಟ್ಟಿದ್ದ ತುಣುಕನ್ನು ಸಾಹೇಬರು ತೋರಿಸಿದರು.

ಅವಳು ನೋಡಿದಳು. ಬೈಯಲಿಲ್ಲ. ಮೊಬೈಲನ್ನು ಅವರ ಕೈಯಿಂದ ತೆಗೆದುಕೊಂಡು ಇನ್ನೊಂದು ಸಲ ಹಾಕಿದಳು, ಮತ್ತೊಂದು ಸಲ ಹಾಕಿದಳು.

“ನಾನು ನಗ್ತಿದೀನಿ” ಎಂದಳು. “ಅವನನ್ನ ಆಚೆ ಹೋಗು ಅಂತಿದಾರೆ, ನಾನು ನಗ್ತಿದೀನಿ. ಅವನಿಗೆ ಹಂಗೇ ಕಂಡಿರುತ್ತೆ. ಅಯ್ಯೋ, ಅತ್ತೆ, ನಾನ್ಯಾಕೆ ನಕ್ಕೆ?”

ಅತ್ತೆ ಒಳಗಿನಿಂದ ಬಂದು ಕನ್ನಡಕ ಹಾಕಿಕೊಂಡು ನೋಡಿದರು. “ನನ್ನ ನೋಡಿ ನಕ್ಕೆ ಕಣೇ. ಕೇಕಿನ ಮೇಲಿನ ಕ್ರೀಮ್ ಬೆರಳಲ್ಲಿ ಕದ್ದು ನೆಕ್ಕೋಕೆ ಹೋಗಿ ಮೂಗಿಗೆ ಮೆತ್ಕೊಂಡೆನಲ್ಲ. ನೋಡು, ಇಲ್ಲಿದೆ ಮೂಗು.” ಹಾಗೆ ಹೇಳಿ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. “ನಿಂಗೆ ಇವನು ಕೂಗಿದ್ದು ಕೇಳ್ಸೇ ಇರ್ಲಿಲ್ಲ.”

ಹೆಂಡತಿ ಗಂಡನ ಕಡೆ ತಿರುಗಿದಳು. ಸಾಹೇಬರು ತಲೆ ತಗ್ಗಿಸಿ, ಬೈಗುಳಕ್ಕೆ ಸಿದ್ಧರಾಗಿ ನಿಂತರು.

“ನಾಳೆ ಲಾರಿ ಎಷ್ಟೊತ್ತಿಗೆ?” ಎಂದಳು ಅವಳು. “ಬೈಯೋದೆಲ್ಲ ಆಮೇಲೆ ಇಟ್ಕೊಂಡಿದೀನಿ. ಮೊದ್ಲು ಆಲೂಗಡ್ಡೆ ತನ್ನಿ, ಹುರಿದ್ರೆ ಅವನಿಗೆ ಇಷ್ಟ.”

ಭಾನುವಾರ ಬೆಳಿಗ್ಗೆ ಹಳೇ ಮಾರ್ಕೆಟ್ಟಿನ ಹಿಂದೆ ಲಾರಿ ನಿಂತಿತ್ತು. ಸಾಮಾನು ಅರ್ಧ ಏರಿತ್ತು. ಖಾಲಿ ಅಂಗಡಿಯ ಗೋಡೆಗೆ ಹೊಡೆದಿದ್ದ ಮೊಳೆಗಳನ್ನು ತಮ್ಮ ಒಂದೊಂದಾಗಿ ಕೀಳುತ್ತಿದ್ದ. ನೂರಾರು ಕೀ ನೇತುಹಾಕಿದ್ದ ಮೊಳೆಗಳು. ತಿರುಗಿ ನೋಡಿದರೆ ಬಾಗಿಲಲ್ಲಿ ಅಕ್ಕ, ಕೈಯಲ್ಲಿ ಊಟದ ಬುತ್ತಿ. ಹಿಂದೆ ಭಾವ. ಅವರ ಹಿಂದೆ ಅತ್ತೆ. ಅವರೆಲ್ಲರ ಹಿಂದೆ, ಅಗತ್ಯ ಬಿದ್ದರೆ ಸಾಕ್ಷಿ ಹೇಳಲೆಂದು, ಶಿರಸ್ತೇದಾರರು.

ಸಾಹೇಬರೇ ಮುಂದೆ ಬಂದರು.

“ನಿನ್ನೆ ಮೂಲ ಕ್ಯಾಸೆಟ್ ಕೇಳ್ದೆ. ಕುರ್ಚಿ ಬಾಡಿಗೆಯವನು ಅಂದಿದ್ದು ನಾನು. ಕಣ್ಣು ಕಿಂಡಿಗೆ ಅಂಟಿಸ್ಕೊಂಡು, ಮನೆ ಮಗನ್ನೇ ಗುರುತು ಹಿಡೀಲಿಲ್ಲ. ಡಿಸ್ಕಲ್ಲಿ ಆ ಮಾತು ಇರ್ಲಿಲ್ಲಪ್ಪ, ನಾನೇ ತೆಗೆಸಿ ಪಿಟೀಲು ಹಾಕ್ಸಿದ್ದೆ. ನಿಮ್ಮಕ್ಕನಿಗೆ ಇಷ್ಟು ವರ್ಷ ಕೇಳಿಸಿದ್ದು ಪಿಟೀಲು ಒಂದೇ. ನನ್ನ ಕ್ಷಮಿಸು.”

ಕೈಯಲ್ಲಿದ್ದ ಮೊಳೆಗಳನ್ನು ನೋಡುತ್ತಾ ತಮ್ಮ ನಿಂತ. “ನಿಮ್ಮ ಮಾತಿಗೆ ನಂಗೆ ಅಷ್ಟು ಬೇಜಾರಾಗ್ಲಿಲ್ಲ ಭಾವ. ನೀವು ಹಂಗೇ ಅಂತ ಗೊತ್ತಿಲ್ವಾ? ಗುರುತು ಸಿಕ್ಕಿರ್ಲಿಲ್ಲ ಅಂತ ಆಮೇಲೆ ನಾನೇ ಅಂದ್ಕೊಂಡೆ.” ಅವನ ದನಿ ಸಣ್ಣದಾಯಿತು. “ಅಕ್ಕ ನಕ್ಕಳು.”

“ನನ್ನ ನೋಡಿ ನಕ್ಕಿದ್ದು ಕಣಪ್ಪ!” ಎಂದು ಅತ್ತೆ ನಡುವೆ ನುಗ್ಗಿದರು. “ಈ ಮೂಗು! ಕ್ರೀಮ್ ಮೆತ್ಕೊಂಡಿತ್ತು. ನಾಚಿಕೆ ಬಿಟ್ಟು ಹೇಳ್ತಿದೀನಿ. ಬೇಕಾದ್ರೆ ಮೊಬೈಲಲ್ಲಿ ತೋರಿಸ್ತೀನಿ, ಬಾ.”

ಶಿರಸ್ತೇದಾರರು ಹಿಂದಿನಿಂದ, “ಪರಿಶೀಲಿಸಿದೀನಿ. ಮೂಗೇ ಅದು” ಎಂದರು.

ಅಕ್ಕ ಒಳಗೆ ಬಂದಳು. ನೆಲದ ಮೇಲಿದ್ದ ಖಾಲಿ ಪೆಟ್ಟಿಗೆಯೊಂದನ್ನು ಮಗುಚಿ ಹಾಕಿ, ಅದರ ಮೇಲೆ ತಟ್ಟೆ ಇಟ್ಟು, ಬುತ್ತಿ ಬಿಚ್ಚಿದಳು. ಹುರಿದ ಆಲೂಗಡ್ಡೆಯ ವಾಸನೆ ಅಂಗಡಿಯ ತುಂಬ ಹರಡಿತು. ಬಡಿಸಿಯಾದ ಮೇಲೆ ತಲೆ ಎತ್ತಿದಳು.

“ಅವತ್ತು ಊಟಾನೂ ಮಾಡ್ದೆ ಹೋದ್ಯಲ್ಲೋ” ಎಂದಳು.

“ತುಂಬ ಹಸಿವಾಗಿತ್ತು ಕಣೇ ಅಕ್ಕ” ಎಂದ ಅವನು. “ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ. ನಿನ್ನ ಮನೆ ಊಟ ಅಂತ.”

ಆಮೇಲೆ ಇಬ್ಬರೂ ಅತ್ತರು. ಅತ್ತೆಯೂ ಅತ್ತರು. ಶಿರಸ್ತೇದಾರರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಈ ಸಲ ಅದು ಹಲ್ಲಿಗಾಗಿ ಅಲ್ಲ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ತಮ್ಮ ದೊಡ್ಡ ದೊಡ್ಡ ತುತ್ತು ಬಾಯಿಗಿಟ್ಟ. ಅಕ್ಕ ಎದುರು ಕೂತು ಖಾಲಿಯಾದ ಕಡೆಗೆಲ್ಲ ಮತ್ತೆ ಬಡಿಸಿದಳು.

ಅಷ್ಟರಲ್ಲಿ ಲಾರಿಯ ಡ್ರೈವರು ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. “ಏನ್ರೀ ಇದು? ದೂರದ ದಾರಿ, ಬಿಸಿಲೇರ್ತಿದೆ. ಹೊರಡೋದಾ ಬೇಡ್ವಾ?”

ಅಕ್ಕ ತಿರುಗಿಯೂ ನೋಡಲಿಲ್ಲ. ತಮ್ಮನ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತಾ ಹೇಳಿದಳು:

“ನಾನು ಹನ್ನೊಂದು ವರ್ಷ ಕಾದಿದೀನಪ್ಪ. ನೀನು ಅರ್ಧ ಗಂಟೆ ಕಾಯಿ.”